ಗೃಹಚಿಂತನ: ಮಾಳಿಗೆಯ ಮೇಲಿನ ಸೌರಫಲಕ, ಅದನ್ನು ಕೂಡ್ರಿಸುವ ಕೈ



ಮನೆತನದ ಆದಾಯ-ವೆಚ್ಚ, ಮಕ್ಕಳ ವಿದ್ಯಾಭ್ಯಾಸ, ಹಿರಿಯರ ಆರೈಕೆ ಮೊದಲಾದ ವಿಷಯಗಳನ್ನು ಕುರಿತು ಈ ಅಂಕಣದಲ್ಲಿ ನಾವು ಬರೆಯುತ್ತ ಬಂದಿದ್ದೇವೆ. ಇತ್ತೀಚೆಗೆ ಮನಗೂಳಿ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳ ಕಡೆಯ ಓದುಗರು ಭೇಟಿಯಾದಾಗಲೆಲ್ಲ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ: "ಮಾಳಿಗೆಯ ಮೇಲೆ ಸೋಲಾರ್ ಹಾಕಿಸಬೇಕೆಂದಿದ್ದೇವೆ, ಯಾರಿಗೆ ಕೊಡಬೇಕು?" ಯಾರಿಗೆ ಕೊಡಬೇಕೆಂದು ಹೆಸರು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಯಾರಿಗೆ ಕೊಡಬೇಕೆಂಬುದನ್ನು ಗೃಹಸ್ಥರು ತಾವೇ ಕಂಡುಕೊಳ್ಳುವ ಬಗೆಯನ್ನು ಹೇಳುವುದು ನಮ್ಮ ಕರ್ತವ್ಯ. ಹಾಗೆ ಹೇಳದೆ ಒಮ್ಮೆ ನಾವು ಮಾಡಿದ ತಪ್ಪೊಂದರಿಂದಲೇ ಈ ಬರಹವನ್ನು ಆರಂಭಿಸುತ್ತೇವೆ.

ಮನಗೂಳಿಯಲ್ಲಿ ನಮಗೆ ಬಹುಕಾಲದ ಪರಿಚಯದ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಮಗ ದೂರದ ಊರಿನಲ್ಲಿ ನೌಕರಿಯಲ್ಲಿದ್ದಾನೆ. ಮನೆಯಲ್ಲಿ ಇರುವವರು ಅವರೂ ಅವರ ಧರ್ಮಪತ್ನಿಯೂ ಇಬ್ಬರೇ. ಒಂದು ದಿನ ಅವರು ನಮ್ಮನ್ನು ಕಂಡು, "ಜೀಪಿನಲ್ಲಿ ಒಬ್ಬರು ಬಂದಿದ್ದರು. ಮೂರು ಕಿಲೋವ್ಯಾಟಿನ ಸೋಲಾರ್ ಹಾಕುತ್ತಾರಂತೆ. ಸರಕಾರದ ಸಹಾಯಧನವೂ ಇದೆಯಂತೆ. ಹಾಕಿಸಲೇನು?" ಎಂದು ಕೇಳಿದರು. ನಾವು ಹೆಚ್ಚು ವಿಚಾರಿಸದೆ, "ಸರಕಾರದ ಯೋಜನೆ, ಒಳ್ಳೆಯದೇ, ಹಾಕಿಸಿರಿ" ಎಂದು ಹೇಳಿ ಕಳಿಸಿದೆವು. ಮುಂದಿನ ವೈಶಾಖದ ಒಂದು ಸಂಜೆ ಬಿರುಗಾಳಿ ಎದ್ದಿತು. ಎರಡು ಫಲಕಗಳು ಚೌಕಟ್ಟಿನೊಡನೆ ಕಿತ್ತು ನೆರೆಮನೆಯ ಅಂಗಳಕ್ಕೆ ಹಾರಿ ಬಿದ್ದವು. ಅದೇ ಅಂಗಳದಲ್ಲಿ ಸ್ವಲ್ಪ ಹೊತ್ತಿನ ಹಿಂದೆ ಮಕ್ಕಳು ಆಡುತ್ತಿದ್ದರು. ಮಳೆಹನಿ ಬಿದ್ದುದರಿಂದ ತಾಯಿ ಅವರನ್ನು ಒಳಗೆ ಕರೆದಿದ್ದಳು. ಅಷ್ಟೇ ನಮ್ಮ ಪುಣ್ಯ.

ಕೂಡ್ರಿಸಿದವನ ದೂರವಾಣಿ ಅಂದಿನಿಂದ ಮೂಕವಾಯಿತು. ಶಿಕ್ಷಕರೊಡನೆ ನಾವು ವಿಚಾರಿಸಹೋದಾಗ, ಆ ವ್ಯಕ್ತಿ ಯೋಜನೆಯಲ್ಲಿ ನೋಂದಾಯಿತನೇ ಅಲ್ಲವೆಂದೂ, ಶಿಕ್ಷಕರ ಹೆಸರಿನಲ್ಲಿ ಅರ್ಜಿಯೇ ಹೋಗಿಲ್ಲವೆಂದೂ ತಿಳಿಯಿತು. ಅರ್ಜಿಯಿಲ್ಲದ ಮೇಲೆ ಸಹಾಯಧನವೆಲ್ಲಿಯದು? ಪಿಂಚಣಿಯಲ್ಲಿ ಕೂಡಿಟ್ಟ ಹಣ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಊರಿನ ಮಕ್ಕಳಿಗೆ ಲೆಕ್ಕ ಕಲಿಸಿದ ತಾವೇ ಮೋಸಹೋದೆವಲ್ಲ ಎಂಬ ನಾಚಿಕೆ ಅವರನ್ನು ಕಾಡಿತು. ಅಂದು ಆ ಮನೆಯ ತಾಯಿ ನಮ್ಮ ಮುಂದೆ ಚಹಾ ಇಟ್ಟು ಒಂದು ಮಾತು ಹೇಳಿದರು: "ನನಗ ಮೊದಲನೇ ದಿನಾನೇ ಸಂಶೇ ಬಂದಿತ್ರಿ. ಅವಾ ಪಡಸಾಲ್ಯಾಗ ಕುಂತು ಎಲ್ಲಾ ಬರಕೊಂಡ. ಮಾಳಿಗಿ ಮ್ಯಾಲ ಹತ್ತಿ ನೋಡಲೇ ಇಲ್ಲರಿ."

ಈ ವಿಷಯದಲ್ಲಿ ನಾವು ಓದಿದ, ಕೇಳಿದ ಮಾತುಗಳಲ್ಲೆಲ್ಲ ಇದಕ್ಕಿಂತ ದೊಡ್ಡ ಮಾತು ನಮಗೆ ದೊರೆತಿಲ್ಲ. ಮಾಳಿಗೆ ಹತ್ತದವನಿಗೆ ಮನೆಯನ್ನು ಒಪ್ಪಿಸಬಾರದು.

ಯೋಜನೆಯ ಸ್ವರೂಪ

ನಮ್ಮ ಜಿಲ್ಲೆಗೆ ವಿದ್ಯುತ್ತು ಹೊಸದಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಯ ನೀರಿನಿಂದ 290 ಮೆಗಾವ್ಯಾಟ್, ಕೂಡಗಿಯಲ್ಲಿ ಕಲ್ಲಿದ್ದಲಿನಿಂದ 2,400 ಮೆಗಾವ್ಯಾಟ್ ಉತ್ಪಾದಿಸುವ ಸ್ಥಾವರಗಳು ನಮ್ಮ ನೆರೆಯಲ್ಲಿಯೇ ಇವೆ. ಆದರೆ ಪ್ರತಿ ಮನೆಯ ಮಾಳಿಗೆಯೂ ಒಂದು ಸಣ್ಣ ಸ್ಥಾವರವಾಗಬಹುದೆಂಬುದು ಹೊಸ ವಿಚಾರ. ಕೇಂದ್ರ ಸರಕಾರವು 2024ರ ಫೆಬ್ರುವರಿಯಲ್ಲಿ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳಿಗೆ ಸೌರಫಲಕ ಹಾಕಿಸುವುದು ಅದರ ಗುರಿ. ಅದಕ್ಕಾಗಿ 75,021 ಕೋಟಿ ರೂಪಾಯಿಗಳ ವೆಚ್ಚಕ್ಕೆ ಸಚಿವ ಸಂಪುಟ ಒಪ್ಪಿಗೆ ನೀಡಿತು.

ಯೋಜನೆಯಂತೆ ಮೊದಲ ಎರಡು ಕಿಲೋವ್ಯಾಟ್‌ಗಳಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000 ರೂಪಾಯಿ ಸಹಾಯಧನವಿದೆ. ಮೂರು ಕಿಲೋವ್ಯಾಟಿಗೆ ಒಟ್ಟು 78,000 ರೂಪಾಯಿ. ಅದಕ್ಕಿಂತ ದೊಡ್ಡದನ್ನು ಹಾಕಿಸಿದರೂ ಸಹಾಯಧನ ಅಷ್ಟೇ. ಈ ಲೆಕ್ಕ ಹಾಕುವಾಗ ಸರಕಾರವು ಮೊದಲ ಎರಡು ಕಿಲೋವ್ಯಾಟಿಗೆ ತಲಾ 50,000, ಮೂರನೆಯದಕ್ಕೆ 45,000 ರೂಪಾಯಿ ಬೆಲೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿತು. ಮಾರುಕಟ್ಟೆಯಲ್ಲಿ ಬೆಲೆ ಇದಕ್ಕಿಂತ ಹೆಚ್ಚು-ಕಡಿಮೆ ಇರಬಹುದು. ಆದರೆ ಹೇಳಿದ ಬೆಲೆ ಹೆಚ್ಚೋ ಕಡಿಮೆಯೋ ಎಂದು ತೂಗಿ ನೋಡಲು ಇದು ಒಳ್ಳೆಯ ತಕ್ಕಡಿ.

ಮುಖ್ಯವಾಗಿ ನೆನಪಿಡಬೇಕಾದ ಸಂಗತಿ ಇನ್ನೊಂದಿದೆ. ಸಹಾಯಧನವು ಕೆಲಸ ಮುಗಿದು, ಮೀಟರ್ ಕೂತು, ಪರಿಶೀಲನೆ ಆದ ನಂತರ ಗ್ರಾಹಕರ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗುತ್ತದೆ. "ಸಹಾಯಧನವನ್ನು ನಾನೇ ತಂದುಕೊಡುತ್ತೇನೆ, ಮುಂಗಡವಾಗಿ ಇಷ್ಟು ಕೊಡಿರಿ" ಎನ್ನುವವನ ಮಾತಿನಲ್ಲಿ ಮೊದಲ ಬಿರುಕು ಅಲ್ಲಿಯೇ ಕಾಣಬೇಕು. ದೂರವಾಣಿಗೆ ಬರುವ ಗುಪ್ತ ಸಂಖ್ಯೆಯನ್ನೂ ಖಾತೆಯ ವಿವರವನ್ನೂ ಯಾರಿಗೂ ಬಾಯಿಬಿಟ್ಟು ಹೇಳಬಾರದು.

ಲಕ್ಕಮ್ಮನ ಅಕ್ಕಿಯ ಲೆಕ್ಕ

ಅಳವಡಿಸುವವರನ್ನು ಪರೀಕ್ಷಿಸುವ ಮೊದಲು ನಮ್ಮ ಅಗತ್ಯವನ್ನು ನಾವು ಪರೀಕ್ಷಿಸಿಕೊಳ್ಳಬೇಕು. ಆಯ್ದಕ್ಕಿ ಮಾರಯ್ಯ ಶರಣರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮ ತಾಯಿ ಅದನ್ನು ಒಲೆಗೆ ಏರಿಸಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಲು ಹೇಳಿ ಗಂಡನನ್ನು ಮರಳಿ ಕಳಿಸಿದಳು. ಈ ಪ್ರಸಂಗವನ್ನು ನಾವೆಲ್ಲರೂ ಪುರಾಣ-ಪ್ರವಚನಗಳಲ್ಲಿ ಕೇಳಿದ್ದೇವೆ. ಅದನ್ನು ಮಾಳಿಗೆಗೂ ಅನ್ವಯಿಸಿ ನೋಡೋಣ.

ನಮ್ಮ ಭಾಗದ ಬಿಸಿಲಿಗೆ ಒಂದು ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ ನಾಲ್ಕು ಯುನಿಟ್, ತಿಂಗಳಿಗೆ ಸುಮಾರು 120 ಯುನಿಟ್ ವಿದ್ಯುತ್ತು ಕೊಡುತ್ತದೆ. ತಿಂಗಳಿಗೆ 150 ಯುನಿಟ್‌ವರೆಗೆ ಬಳಸುವ ಮನೆಗೆ ಒಂದರಿಂದ ಎರಡು ಕಿಲೋವ್ಯಾಟ್, 150ರಿಂದ 300 ಯುನಿಟ್ ಬಳಸುವ ಮನೆಗೆ ಎರಡರಿಂದ ಮೂರು ಕಿಲೋವ್ಯಾಟ್ ಸಾಕೆಂದು ಯೋಜನೆಯೇ ಹೇಳುತ್ತದೆ. ಹೀಗಿರುವಾಗ ಇಬ್ಬರೇ ಇರುವ ಮನೆಗೆ ಮೂರು ಕಿಲೋವ್ಯಾಟ್ ಏಕೆ? ಸರಕಾರದ ಅಳತೆಬೆಲೆಯನ್ನೇ ಹಿಡಿದರೂ ಮೂರನೆಯ ಕಿಲೋವ್ಯಾಟಿಗೆ ಸಹಾಯಧನ ಕಳೆದು 27,000 ರೂಪಾಯಿ ಮನೆಯವರೇ ಭರಿಸಬೇಕು. ಹೆಚ್ಚಾಗಿ ಉತ್ಪಾದನೆಯಾದ ವಿದ್ಯುತ್ತು ಹೆಸ್ಕಾಂ ತಂತಿಗೆ ಹೋಗುತ್ತದೆ, ನಿಜ. ಆದರೆ ಅದಕ್ಕೆ ದೊರೆಯುವ ದರವನ್ನು ನಿಯಂತ್ರಣ ಆಯೋಗ ನಿಗದಿ ಮಾಡುತ್ತದೆ. ಅದು ನಾವು ಕೊಳ್ಳುವ ದರಕ್ಕಿಂತ ಕಡಿಮೆ. ಮಾರಿ ಲಾಭ ಗಳಿಸುವ ಆಸೆಯಿಂದ ಹೆಚ್ಚು ಹಾಕಿಸುವುದು ಆಯ್ದಕ್ಕಿಯ ಮೇಲೆ ಆಸೆಯಕ್ಕಿಯನ್ನು ಸುರಿದಂತೆ.

ಇನ್ನೊಂದು ಸಂಗತಿಯನ್ನು ಮರೆಯಬಾರದು. ರಾಜ್ಯದಲ್ಲಿ 2023ರಿಂದ ಗೃಹಜ್ಯೋತಿ ಯೋಜನೆ ಬಂದಿದೆ. 2022-23ರ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಹೆಚ್ಚುವರಿ ಸೇರಿಸಿ, ಗರಿಷ್ಠ 200 ಯುನಿಟ್‌ವರೆಗೆ ಮನೆಗಳಿಗೆ ಬಿಲ್ಲು ಇಲ್ಲ. ನಮ್ಮ ಶಿಕ್ಷಕರ ಮನೆಗೆ ಬರುತ್ತಿದ್ದುದು ಶೂನ್ಯ ಬಿಲ್ಲು. ಶೂನ್ಯದಲ್ಲಿ ಉಳಿಸುವುದೇನು? ಆ ವ್ಯಕ್ತಿ ಅವರ ಬಿಲ್ಲನ್ನೇ ಕೇಳಿರಲಿಲ್ಲ. ಸಲಹೆ ಕೊಟ್ಟ ನಾವೂ ಕೇಳಿರಲಿಲ್ಲ. ಹನ್ನೆರಡು ತಿಂಗಳ ಬಿಲ್ಲುಗಳನ್ನು ಮೊದಲು ಕೇಳುವವನು ಕೆಲಸ ಬಲ್ಲವನು. ಬಿಲ್ಲುಗಳನ್ನು ನೋಡಿ "ನಿಮಗೆ ಸದ್ಯಕ್ಕೆ ಬೇಡ" ಎನ್ನುವವನು ಅವನಿಗಿಂತಲೂ ಮೇಲಾದವನು. ತನ್ನ ವ್ಯಾಪಾರವನ್ನು ತಾನೇ ಕಡಿಮೆ ಮಾಡಿಕೊಂಡು ಸತ್ಯ ನುಡಿಯುವ ಅಂತಹವನ ಹೆಸರನ್ನು ಬರೆದಿಟ್ಟುಕೊಳ್ಳಬೇಕು. ಬೇಕಾದ ದಿನ ಅವನನ್ನೇ ಕರೆಯಬೇಕು.

ಮಾಳಿಗೆಯ ಮೇಲೆ ನೋಡಬೇಕಾದುದು

ಬಂದವರು ಮಾಳಿಗೆ ಹತ್ತಿದ ಮೇಲೆ ಏನೇನು ನೋಡುತ್ತಾರೆಂಬುದನ್ನು ಮನೆಯವರು ಜೊತೆಗೆ ನಿಂತು ಗಮನಿಸಬೇಕು.

ಮೊದಲನೆಯದು ಮಾಳಿಗೆಯ ಬಲ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತೊಲೆ-ಜಂತಿಗಳ ಮೇಲೆ ಮಣ್ಣು ಹಾಕಿದ ಮಾಳಿಗೆಗಳಿವೆ. ಬೇಸಗೆಯಲ್ಲಿ ತಂಪು, ಆದರೆ ಅಂತಹ ಮಣ್ಣಿನಲ್ಲಿ ಬೋಲ್ಟು ನಿಲ್ಲುವುದಿಲ್ಲ. ಅದರ ಮೇಲೆಯೂ ಹಾಕಿಕೊಡುತ್ತೇವೆಂದು ಹೇಳುವವರನ್ನು ಬಾಗಿಲಿನಿಂದಲೇ ಕಳಿಸಬೇಕು. ಸಿಮೆಂಟ್ ಸ್ಲ್ಯಾಬಿನ ಮೇಲಾದರೆ ಬಿರುಕು, ಸೋರಿಕೆ ಇದೆಯೇ ಎಂದು ನೋಡಿ, ಕೊರೆದ ತೂತುಗಳಿಂದ ನೀರು ಇಳಿಯದಂತೆ ಏನು ಮಾಡುತ್ತೀರಿ ಎಂದು ಕೇಳಬೇಕು. ತಗಡಿನ ಮೇಲಾದರೆ ಕೆಳಗಿನ ಕಬ್ಬಿಣದ ಅಡ್ಡಪಟ್ಟಿಗೆ ಬಿಗಿಯಬೇಕು, ಬರಿಯ ತಗಡಿಗಲ್ಲ.

ಎರಡನೆಯದು ಸ್ಥಳ ಮತ್ತು ನೆರಳು. ಒಂದು ಕಿಲೋವ್ಯಾಟಿಗೆ ಸುಮಾರು ನೂರು ಚದರ ಅಡಿ ನೆರಳಿಲ್ಲದ ಜಾಗ ಬೇಕು. ನೀರಿನ ಟಾಕಿ, ಮೆಟ್ಟಿಲಕೋಣೆ, ಬೇವಿನ ಗಿಡ, ನೆರೆಯವರ ಮೇಲಂತಸ್ತು ಇವುಗಳ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆಂದು ನೋಡಬೇಕು. ಒಂದರ ಹಿಂದೊಂದು ಜೋಡಿಸಿದ ಫಲಕಗಳಲ್ಲಿ ಒಂದಕ್ಕೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಗ್ಗಬಹುದು. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ಸರಿಯುವುದರಿಂದ ನೆರಳು ಉದ್ದವಾಗುತ್ತದೆ. ಬೇಸಗೆಯಲ್ಲಿ ನೋಡಿದ್ದು ಮಾರ್ಗಶಿರಕ್ಕೆ ಸಾಲದು. ಫಲಕಗಳು ದಕ್ಷಿಣಕ್ಕೆ ಮುಖಮಾಡಿ, ನಮ್ಮ ಅಕ್ಷಾಂಶಕ್ಕೆ ತಕ್ಕಂತೆ ಹದಿನೈದು ಡಿಗ್ರಿಯ ಆಸುಪಾಸಿನ ಓರೆಯಲ್ಲಿರಬೇಕು.

ಮೂರನೆಯದು ಬಿಸಿಲಿನ ತಾಪ. ಬಿಸಿಲು ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚುತ್ತದೆಂದು ನಾವೆಲ್ಲ ತಿಳಿದಿದ್ದೇವೆ. ಬೆಳಕು ಹೆಚ್ಚಬೇಕು, ನಿಜ. ಆದರೆ ತಾಪ ಫಲಕಕ್ಕೆ ಹಗೆ. ಫಲಕದ ಶಕ್ತಿಯನ್ನು 25 ಡಿಗ್ರಿ ಉಷ್ಣತೆಯಲ್ಲಿ ಅಳೆದಿರುತ್ತಾರೆ. ಅದಕ್ಕಿಂತ ಮೇಲಿನ ಪ್ರತಿ ಡಿಗ್ರಿಗೆ ಶೇಕಡಾ 0.3ರಿಂದ 0.4ರಷ್ಟು ಉತ್ಪಾದನೆ ತಗ್ಗುತ್ತದೆ. ವೈಶಾಖದ ಮಧ್ಯಾಹ್ನ ಫಲಕ 60 ಡಿಗ್ರಿ ಕಾದರೆ ಹತ್ತಕ್ಕೆ ಒಂದು ಪಾಲಿಗೂ ಹೆಚ್ಚು ನಷ್ಟ. ಆದಕಾರಣ ಫಲಕದ ಕೆಳಗೆ ಗಾಳಿಯಾಡಲು ತೆರಪು ಬಿಡಬೇಕು. ಈ ಸಂಗತಿಯನ್ನು ಕೇಳದೆಯೇ ಹೇಳುವವನು ಕಸುಬು ಕಲಿತವನು.

ನಾಲ್ಕನೆಯದು, ನಮ್ಮ ಶಿಕ್ಷಕರ ಮನೆಯಲ್ಲಿ ತಪ್ಪಿದ್ದು: ಚೌಕಟ್ಟು. ಗಾಳಿ ಬೀಸಿದಾಗ ಓರೆಯಾದ ಫಲಕ ಹಾಯಿಯಂತೆ ಉಬ್ಬಿ ಮೇಲಕ್ಕೆ ಎಳೆಯುತ್ತದೆ. ಅಲ್ಲಿ ಚೌಕಟ್ಟಿನ ಕಾಲುಗಳನ್ನು ಮಾಳಿಗೆಯ ಮೇಲೆ ಬರಿಯ ಇಟ್ಟಿಗೆ-ಗಿಲಾವಿನಲ್ಲಿ ಕೂಡ್ರಿಸಿದ್ದರು. ಸತುವಿನ ಲೇಪನದ ಗಟ್ಟಿಯಾದ ಕಬ್ಬಿಣ, ಸ್ಲ್ಯಾಬಿಗೆ ಆಳವಾಗಿ ಬಿಗಿದ ಬೋಲ್ಟು ಅಥವಾ ಸಾಕಷ್ಟು ತೂಕದ ಕಾಂಕ್ರೀಟ್ ಪೀಠ ಇವು ಇರಲೇಬೇಕು. ಎಷ್ಟು ವೇಗದ ಗಾಳಿಯನ್ನು ಈ ಚೌಕಟ್ಟು ತಡೆಯುತ್ತದೆಂದು ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು.

ಐದನೆಯದು ಭೂಸಂಪರ್ಕ, ಅಂದರೆ ಅರ್ಥಿಂಗ್. ಫಲಕಗಳ ಕಡೆಗೆ ಒಂದು, ಮನೆಯ ವಿದ್ಯುತ್ತಿನ ಕಡೆಗೆ ಒಂದು, ಸಿಡಿಲು ತಡೆಯುವ ಕಡ್ಡಿಗೆ ಒಂದು, ಹೀಗೆ ಬೇರೆ ಬೇರೆ ಕುಣಿಗಳನ್ನು ತೋಡಬೇಕು. ಕಾಣದ ಕೆಲಸವಾದ್ದರಿಂದ ಉಳಿತಾಯ ಮಾಡುವವರು ಮೊದಲು ಇಲ್ಲಿಯೇ ಉಳಿಸುತ್ತಾರೆ. ಕುಣಿ ತೋಡುವ ದಿನ ಮನೆಯವರು ಎದುರಿಗೆ ಇರಬೇಕು.

ಕಾಗದದ ಮೇಲೆ ನೋಡಬೇಕಾದುದು

ಯೋಜನೆಯ ರಾಷ್ಟ್ರೀಯ ಜಾಲತಾಣದಲ್ಲಿ ನೋಂದಾಯಿತ ಮಾರಾಟಗಾರರ ಪಟ್ಟಿಯಿದೆ. ಬಂದವರ ಹೆಸರು ಅಲ್ಲಿ ಇದೆಯೇ ಎಂದು ಮನೆಯ ಮಕ್ಕಳಿಂದ ನೋಡಿಸಬೇಕು, ಹೆಸ್ಕಾಂ ಶಾಖಾ ಕಚೇರಿಯಲ್ಲಿಯೂ ವಿಚಾರಿಸಬೇಕು. ಎಷ್ಟೋ ಸಲ ಹೆಸರು ಒಬ್ಬರದು, ಕೆಲಸ ಮಾಡುವವರು ಮತ್ತೊಬ್ಬರು. ಹಾಗಿದ್ದರೆ ನಾಳೆ ತೊಂದರೆಯಾದಾಗ ಯಾರು ಬರಬೇಕೆಂದು ನೋಂದಾಯಿತ ಹೆಸರಿನವರೇ ಸಹಿ ಮಾಡಿ ಕೊಡಬೇಕು. ಅರ್ಜಿಯನ್ನು ಗ್ರಾಹಕರ ಹೆಸರಿನಲ್ಲಿ, ಗ್ರಾಹಕರ ಎದುರಿನಲ್ಲಿಯೇ ಸಲ್ಲಿಸಬೇಕು. ಅರ್ಜಿಯ ಸಂಖ್ಯೆ ಮನೆಯ ಕಡತದಲ್ಲಿರಬೇಕು. ಹತ್ತು ಕಿಲೋವ್ಯಾಟ್‌ವರೆಗಿನ ಅರ್ಜಿಗೆ ಪ್ರತ್ಯೇಕ ತಾಂತ್ರಿಕ ಸಾಧ್ಯತಾ ಪರಿಶೀಲನೆ ಬೇಕಿಲ್ಲವೆಂದು 2024ರಲ್ಲಿ ನಿಯಮ ತಿದ್ದುಪಡಿಯಾಗಿದೆ. ಆದ್ದರಿಂದ ಆ ಪರಿಶೀಲನೆಯ ಹೆಸರಿನಲ್ಲಿ ಮೇಲುಖರ್ಚು ಕೇಳುವವರ ಬಗೆಗೆ ಎಚ್ಚರವಿರಲಿ.

ಸಹಾಯಧನ ಬೇಕಾದರೆ ಫಲಕಗಳು ಭಾರತದಲ್ಲಿಯೇ ತಯಾರಾದ ಕೋಶಗಳಿಂದ ಭಾರತದಲ್ಲಿಯೇ ಜೋಡಿಸಿದವು ಆಗಿರಬೇಕು. ಇವಕ್ಕೆ ಡಿಸಿಆರ್ ಫಲಕಗಳೆಂದು ಹೆಸರು. ಅಗ್ಗವೆಂದು ಬೇರೆ ಫಲಕ ಹಾಕಿಸಿಕೊಂಡು ಸಹಾಯಧನ ಕಳೆದುಕೊಂಡರೆ ಅಗ್ಗವೇ ದುಬಾರಿಯಾಗುತ್ತದೆ. ಫಲಕದ ತಯಾರಕರ ಹೆಸರು, ಮಾದರಿ, ಪ್ರತಿ ಫಲಕದ ಕ್ರಮಸಂಖ್ಯೆ, ಇನ್ವರ್ಟರಿನ ಹೆಸರು ಮತ್ತು ಸಾಮರ್ಥ್ಯ ಇವೆಲ್ಲ ದರಪಟ್ಟಿಯಲ್ಲಿಯೇ ಇರಬೇಕು. "ಒಳ್ಳೆಯ ಕಂಪನಿಯದು" ಎಂಬುದು ಹೆಸರಲ್ಲ.

ಖಾತರಿಯಲ್ಲಿಯೂ ಮೂರು ಬಗೆಯಿದೆ, ಅವುಗಳನ್ನು ಬೆರೆಸಬಾರದು. ಫಲಕವು ಸಾಮಾನ್ಯವಾಗಿ 25 ವರ್ಷ ಇಂತಿಷ್ಟು ಉತ್ಪಾದನೆ ಕೊಡುತ್ತದೆಂಬುದು ತಯಾರಕರ ಖಾತರಿ. ಇನ್ವರ್ಟರಿನ ಖಾತರಿ ಅದಕ್ಕಿಂತ ಬಹಳ ಕಡಿಮೆ ವರ್ಷದ್ದು. ನಡುವೆ ಒಮ್ಮೆಯಾದರೂ ಅದನ್ನು ಬದಲಿಸುವ ಖರ್ಚು ಬರಬಹುದು. ಮೂರನೆಯದು ಕೂಡ್ರಿಸಿದ ಕೆಲಸದ ಖಾತರಿ. ಯೋಜನೆಯಡಿ ಮಾರಾಟಗಾರರು ಐದು ವರ್ಷ ನಿರ್ವಹಣೆಯ ಹೊಣೆ ಹೊರಬೇಕು. ಗಾಳಿಗೆ ಚೌಕಟ್ಟು ಸಡಿಲಾದರೆ, ತಂತಿ ಸುಟ್ಟರೆ ಬೇಕಾಗುವುದು ಈ ಮೂರನೆಯದೇ. ಗ್ರಾಹಕರಿಗೂ ಮಾರಾಟಗಾರರಿಗೂ ಆಗಬೇಕಾದ ಒಪ್ಪಂದದ ಮಾದರಿ ಜಾಲತಾಣದಲ್ಲಿಯೇ ಇದೆ. ಓದದೆ ಸಹಿ ಮಾಡಬಾರದು.

ಹಣವನ್ನು ಹಂತಹಂತವಾಗಿ ಕೊಡುವುದು ಲೇಸು: ಸಾಮಗ್ರಿ ಮನೆಗೆ ಬಂದು ಸಂಖ್ಯೆಗಳು ತಾಳೆಯಾದಾಗ ಒಂದು ಪಾಲು, ಕೂಡ್ರಿಸಿದಾಗ ಒಂದು ಪಾಲು, ಎರಡೂ ಕಡೆ ಎಣಿಸುವ ಮೀಟರ್ ಕೂತು ನಡೆದಾಗ ಕೊನೆಯ ಪಾಲು. ಕೊನೆಯ ಪಾಲು ನಮ್ಮ ಕೈಯಲ್ಲಿರುವವರೆಗೆ ಅವರಿಗೆ ನಮ್ಮ ಮನೆಯ ದಾರಿ ನೆನಪಿರುತ್ತದೆ. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟು, ಜಿಎಸ್‌ಟಿ ಸಹಿತವಾದ ಪಾವತಿ ಪಡೆಯಬೇಕು. 2025ರ ಸೆಪ್ಟೆಂಬರಿನಲ್ಲಿ ಸೌರ ಉಪಕರಣಗಳ ಮೇಲಿನ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಲಾಗಿದೆ. ಹಳೆಯ ದರಪಟ್ಟಿಯನ್ನೇ ತೋರಿಸಿದರೆ ಇದನ್ನು ನೆನಪಿಸಬೇಕು.

ಕರೆಂಟು ಹೋದಾಗ ಏನಾಗುತ್ತದೆ?

ಈ ಪ್ರಶ್ನೆಯನ್ನು ಕೇಳಿಯೇ ತೀರಬೇಕು. "ಸೋಲಾರ್ ಇದ್ದ ಮೇಲೆ ಕರೆಂಟು ಹೋದರೂ ಚಿಂತೆಯಿಲ್ಲ" ಎಂದು ಉತ್ತರ ಬಂದರೆ, ಬ್ಯಾಟರಿ ಇದೆಯೇ ಎಂದು ಮತ್ತೆ ಕೇಳಬೇಕು. ಸಹಾಯಧನದ ಯೋಜನೆಯಲ್ಲಿ ಹೆಚ್ಚಾಗಿ ಹಾಕುವುದು ಹೆಸ್ಕಾಂ ತಂತಿಗೆ ಜೋಡಿಸಿದ ವ್ಯವಸ್ಥೆ. ತಂತಿಯಲ್ಲಿ ವಿದ್ಯುತ್ತು ನಿಂತರೆ ಅದೂ ತಾನಾಗಿ ನಿಲ್ಲುತ್ತದೆ. ನಿಲ್ಲಲೇಬೇಕು, ಇಲ್ಲವಾದರೆ ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್ನನ ಪ್ರಾಣಕ್ಕೆ ನಮ್ಮ ಮಾಳಿಗೆಯ ವಿದ್ಯುತ್ತು ಮುಳುವಾಗುತ್ತದೆ. ಕತ್ತಲೆಯಲ್ಲಿಯೂ ದೀಪ ಬೇಕೆಂದರೆ ಬ್ಯಾಟರಿ ಸಹಿತವಾದ ವ್ಯವಸ್ಥೆ ಬೇಕು. ಅದಕ್ಕೆ ಖರ್ಚು ಹೆಚ್ಚು, ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು.

ದೂರದ ಕೆರಿಬಿಯನ್ ಸಮುದ್ರದಲ್ಲಿ ಪೋರ್ಟೊ ರಿಕೊ ಎಂಬ ದ್ವೀಪವಿದೆ. ನಮ್ಮಂತೆಯೇ ಬಿಸಿಲಿನ ನಾಡು. 2017ರ ಸೆಪ್ಟೆಂಬರಿನಲ್ಲಿ ಮರಿಯಾ ಎಂಬ ಚಂಡಮಾರುತ ಅಪ್ಪಳಿಸಿ ಇಡೀ ದ್ವೀಪದ ವಿದ್ಯುತ್ ಜಾಲವನ್ನು ನೆಲಕ್ಕುರುಳಿಸಿತು. ಅನೇಕ ಮನೆಗಳು ತಿಂಗಳುಗಟ್ಟಲೆ ಕತ್ತಲೆಯಲ್ಲಿದ್ದವು. ಆ ಬಳಿಕ ಅಲ್ಲಿನ ಗೃಹಸ್ಥರು ದೊಡ್ಡ ಸಂಖ್ಯೆಯಲ್ಲಿ ಬ್ಯಾಟರಿ ಸಹಿತ ಸೌರಫಲಕಗಳತ್ತ ತಿರುಗಿದರು. ಬಿರುಗಾಳಿಗೆ ನಿಲ್ಲುವ ಚೌಕಟ್ಟು, ಕತ್ತಲೆಯಲ್ಲಿ ಉರಿಯುವ ದೀಪ, ಕರೆದಾಗ ಬರುವ ಮನುಷ್ಯ: ಆ ದ್ವೀಪದ ಮನೆಗೂ ಮನಗೂಳಿಯ ಮನೆಗೂ ಬೇಕಾದುದು ಈ ಮೂರೇ.

ಮುನ್ನೂರನೆಯ ದಿನ ಬರುವವರಾರು?

ಮೊದಲ ದಿನ ಎಲ್ಲರೂ ಬರುತ್ತಾರೆ. ಮುನ್ನೂರನೆಯ ದಿನ ಬರುವವರನ್ನು ಆರಿಸಬೇಕು. 1995ರಲ್ಲಿ ಬೆಂಗಳೂರಿನಲ್ಲಿ ಸೆಲ್ಕೋ ಸಂಸ್ಥೆಯನ್ನು ಕಟ್ಟಿ, ಬಡವರ ಮನೆಗಳಿಗೆ ಸೌರದೀಪ ಮುಟ್ಟಿಸಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದುದನ್ನು ಓದುಗರು ಬಲ್ಲರು. ದೀಪ ಮಾರುವುದರ ಜೊತೆಗೆ ಬ್ಯಾಂಕಿನ ಸಾಲವನ್ನೂ, ದುರಸ್ತಿಯ ಸೇವೆಯನ್ನೂ ಮನೆಬಾಗಿಲಿಗೆ ತರಬೇಕೆಂಬುದು ಅವರು ನಡೆದು ತೋರಿದ ದಾರಿ. ದೀಪಕ್ಕೆ ಸತ್ಯವಾದುದು ಫಲಕಕ್ಕೂ ಸತ್ಯ.

ಆದ್ದರಿಂದ ಬೆಲೆ ಕೇಳುವ ಮೊದಲು, ಎರಡು-ಮೂರು ವರ್ಷಗಳ ಹಿಂದೆ ಇವರೇ ಹಾಕಿಸಿದ ಮನೆಗಳು ಹತ್ತಿರದಲ್ಲಿ ಎಲ್ಲಿವೆ ಎಂದು ಕೇಳಬೇಕು. ಕಳೆದ ವಾರ ಹಾಕಿಸಿದ ಮನೆ ಸಾಕ್ಷಿಯಲ್ಲ. ಎರಡು ಮಳೆಗಾಲ ಕಂಡ ಮನೆ ಸಾಕ್ಷಿ. ಅಲ್ಲಿಗೆ ಹೋಗಿ, ಯಜಮಾನರನ್ನಷ್ಟೇ ಅಲ್ಲ, ಮನೆಯ ತಾಯಂದಿರನ್ನೂ ಮಾತನಾಡಿಸಬೇಕು. ಕರೆದಾಗ ಎಷ್ಟು ದಿನಕ್ಕೆ ಬಂದರು, ಬಿಲ್ಲು ಎಷ್ಟು ಇಳಿಯಿತು, ಮಾಳಿಗೆ ಸೋರುತ್ತದೆಯೇ, ಹಪ್ಪಳ-ಸಂಡಿಗೆ ಒಣಗಿಸಲು ಜಾಗ ಉಳಿದಿದೆಯೇ ಎಂಬುದನ್ನು ಅವರಷ್ಟು ಸರಿಯಾಗಿ ಹೇಳುವವರಿಲ್ಲ.

ಕೂಡ್ರಿಸಿದ ನಂತರದ ಕಾಯಕ ಮನೆಯವರದೂ ಹೌದು. ಜೋಳದ ರಾಶಿಯ ಕಾಲದಲ್ಲಿ ನಮ್ಮ ಕಡೆ ಧೂಳು ಹೆಚ್ಚು. ನಸುಕಿನಲ್ಲಿ ಫಲಕ ತಂಪಾಗಿರುವಾಗ ಮೃದುವಾದ ಬಟ್ಟೆಯಿಂದ ತೊಳೆಯಬೇಕು. ಕಾದ ಗಾಜಿಗೆ ತಣ್ಣೀರು ಸುರಿಯಬಾರದು. ಕೊಳವೆಬಾವಿಯ ಸವಳು ನೀರು ಒಣಗಿದರೆ ಬಿಳಿಯ ಕಲೆ ಕಟ್ಟುತ್ತದೆ, ಆದ್ದರಿಂದ ಸಿಹಿನೀರೇ ಲೇಸು. ತಿಂಗಳಿಗೊಮ್ಮೆ ಮೀಟರಿನ ಅಂಕಿಯನ್ನು ದಿನಚರಿಯಲ್ಲಿ ಬರೆದಿಟ್ಟರೆ, ಉತ್ಪಾದನೆ ತಗ್ಗಿದ್ದು ಬಿಲ್ಲು ಬರುವ ಮೊದಲೇ ತಿಳಿಯುತ್ತದೆ. ಮಕ್ಕಳಿಗೆ ಈ ಕೆಲಸ ಒಪ್ಪಿಸಿದರೆ ಅವರಿಗೆ ಲೆಕ್ಕವೂ ಬರುತ್ತದೆ, ಮನೆಯ ಹೊಣೆಯೂ ತಿಳಿಯುತ್ತದೆ.

ಇನ್ನೊಂದು ಸೂಚನೆ. ಒಬ್ಬೊಬ್ಬರೇ ವ್ಯವಹರಿಸುವ ಬದಲು ಓಣಿಯ ಎಂಟು-ಹತ್ತು ಮನೆಯವರು ಕೂಡಿ, ಮೂವರು ನೋಂದಾಯಿತ ಮಾರಾಟಗಾರರನ್ನು ಒಂದೇ ದಿನ ಕರೆಯಬಹುದು. ಶ್ರಾವಣದ ಪ್ರವಚನಕ್ಕೆ ಕೂಡುವಂತೆ ಸಮುದಾಯ ಭವನದಲ್ಲಿ ಒಂದು ಸಂಜೆ ಕೂಡಿ ಎಲ್ಲರೆದುರು ಪ್ರಶ್ನೆ ಕೇಳಬಹುದು. ಹತ್ತು ಮನೆಯ ಎದುರು ಕೊಟ್ಟ ಮಾತನ್ನು ಮುರಿಯುವುದು ಸುಲಭವಲ್ಲ. ಹತ್ತು ಮನೆಯ ಕೆಲಸವಿರುವ ಊರಿಗೆ ಮುನ್ನೂರನೆಯ ದಿನವೂ ಅವರು ಬಂದೇ ಬರುತ್ತಾರೆ.

ಕೊನೆಯ ಮಾತು

ನಮ್ಮ ಶಿಕ್ಷಕರಿಗೆ ಕಳೆದ ಹಣ ಮರಳಿ ಬರಲಿಲ್ಲ. ಉಳಿದ ಫಲಕಗಳನ್ನು ನೋಡಲು ಬಾಗೇವಾಡಿ ಕಡೆಯ ಯುವಕನೊಬ್ಬನನ್ನು ಕರೆಸಿದೆವು. ಅವನು ಚೀಲವಿಟ್ಟು ಮೊದಲು ಮಾಳಿಗೆ ಹತ್ತಿದ. ಟೇಪು ಹಿಡಿದು ಅಳೆದ, ಬೋಲ್ಟುಗಳನ್ನು ಕೈಯಿಂದ ಅಲುಗಿಸಿ ನೋಡಿದ, ಇಳಿದು ಬಂದು ಬಿಲ್ಲು ಕೇಳಿದ. ನೋಡಿ ಹೇಳಿದ: "ಮಾಸ್ತರ್ರೀ, ಇವನ್ನ ಇಳಿಸಿಬಿಡೂಣ್ರಿ, ಮತ್ತೊಂದು ಗಾಳಿ ತಡಿಯೂದಿಲ್ಲ. ಸದ್ಯಕ್ಕ ನಿಮಗ ಬಿಲ್ಲ ಇಲ್ಲ, ಹೊಸಾದು ಬ್ಯಾಡ್ರಿ. ಮುಂದ ಮಗಾ-ಸೊಸಿ ಊರಿಗೆ ಬಂದಾಗ ನೋಡೂಣ." ಇಳಿಸಿದ ಕೂಲಿಯನ್ನಷ್ಟೇ ಪಡೆದು ಹೋದ. ಅವನು ಸಾವಿರಾರು ರೂಪಾಯಿಯ ವ್ಯಾಪಾರವನ್ನು ಅಂದು ಬಿಟ್ಟುಕೊಟ್ಟ. ಆದರೆ ಅದೇ ಓಣಿಯ ಮೂರು ಮನೆಯವರು ಮುಂದೆ ಅವನನ್ನೇ ಕರೆದರು.

ಈಗ ನಮ್ಮ ಶಿಕ್ಷಕರು ನಾಚಿಕೆಯನ್ನು ಬದಿಗಿಟ್ಟಿದ್ದಾರೆ. ಪರಿಚಿತರ ಮನೆಗೆ ಯಾರಾದರೂ ಸೋಲಾರ್ ಮಾರಲು ಬಂದರೆ ಅವರಿಗೆ ಕರೆ ಬರುತ್ತದೆ. ಕನ್ನಡಕ, ಟೇಪು, ಒಂದು ನೋಟುಬುಕ್ಕು ಹಿಡಿದು ಹೋಗುತ್ತಾರೆ. ಪಡಸಾಲೆಯಲ್ಲಿ ಕೂತವರನ್ನು ಎಬ್ಬಿಸಿ, "ಬರ್ರಿ, ಮೊದಲು ಮ್ಯಾಲ ಹೋಗೂಣು" ಎಂದು ತಾವೇ ಮುಂದಾಗಿ ಮೆಟ್ಟಿಲು ಹತ್ತುತ್ತಾರೆ. ತಾವು ಕಳೆದುಕೊಂಡುದರಿಂದ ನೆರೆಯವರು ಕಳೆದುಕೊಳ್ಳದಂತೆ ಕಾಯುವುದೂ ಒಂದು ದಾಸೋಹವೇ ಸರಿ.

ಸೂರ್ಯನು ಬಡವ-ಬಲ್ಲಿದರೆನ್ನದೆ ಎಲ್ಲರ ಮಾಳಿಗೆಗೂ ಬೆಳಕು ಸುರಿಯುತ್ತಾನೆ. ಅದನ್ನು ಮನೆಯೊಳಗೆ ಇಳಿಸುವ ಕೈ ಮಾತ್ರ ಕಾಯಕ ಬಲ್ಲ ಕೈಯಾಗಿರಲಿ. ವಿಚಾರಿಸದೆ ಸಲಹೆ ಕೊಟ್ಟ ನಮ್ಮ ತಪ್ಪು ಓದುಗರ ಮನೆಗಳಲ್ಲಿ ಮರುಕಳಿಸದಿರಲಿ ಎಂಬ ಹಾರೈಕೆಯೊಂದಿಗೆ ಈ ತಿಂಗಳ ಚಿಂತನವನ್ನು ಮುಗಿಸುತ್ತೇವೆ.